ಅತ್ತಿಗೆಗೆ ಯಾವ ವೀಸಾ

ಪಟ್ಟಿ ಮಾಡುವ ಚಟ ನನಗೆ ಮೊದಲಿನಿಂದಲೂ ಇದೆ. ಎರಡು ದಿನ ಊಟಿಗೆ ಹೋಗುವುದಿದ್ದರೂ ವಾರದ ಮುಂಚೆಯೇ ಹಾಳೆ ತುಂಬಿಸಿ ಮನೆಯವರಿಂದ ನಗಿಸಿಕೊಳ್ಳುತ್ತೇನೆ. ಅವಿನಾಶಿ ರಸ್ತೆಯ ಪಕ್ಕದ ಜಾಗ ಮಾರಿ, ಆ ದುಡ್ಡನ್ನು ಹೊರದೇಶದಲ್ಲಿ ಹೂಡಿ ಅಲ್ಲೇ ನೆಲೆಸುವ ಆಸೆ ನನ್ನ ಗಂಡನಿಗೆ ಹುಟ್ಟಿದಾಗ, ಯಾವ ದೇಶ ವಾಸಿ ಎಂದು ತೂಗಿ ನೋಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸಿ ಯುರೋಪಿಗೆ ಕಳಿಸುವ ಅವರ ಸ್ನೇಹಿತರ ಬಾಯಲ್ಲೆಲ್ಲ ಆಗ ಅದೇ ಮಾತು. ಒಬ್ಬ ಹೊರಟರೆ ಸಾಕು, ಉಳಿದವರಿಗೆ ಕಾಲು ನಿಲ್ಲುವುದಿಲ್ಲ.

ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ತಮಿಳುನಾಡಿನಲ್ಲಿ ಮಗ್ಗ ನಂಬಿ ಬದುಕಿದವರು. ಮನೆಯೊಳಗೆ ಕನ್ನಡ ಆಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ನಾನು ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆದೆ. ಗ್ರೀಸ್, ಪೋರ್ಚುಗಲ್, ದುಬೈ. ಎಲ್ಲಿ ಮನೆ ಕೊಂಡರೆ ಸಾಕು, ಎಲ್ಲಿ ಹಣವನ್ನು ನಿಧಿಯಲ್ಲಿ ತೊಡಗಿಸಬೇಕು, ವರ್ಷಕ್ಕೆ ಎಷ್ಟು ದಿನ ಅಲ್ಲಿರಬೇಕು, ಮಕ್ಕಳ ಶಾಲೆ ಹೇಗೆ. ಕೊನೆಯಲ್ಲಿ ‘ಜೊತೆಗೆ ಯಾರನ್ನು ಕರೆದೊಯ್ಯಬಹುದು’ ಎಂದು ಬರೆದು ಪೆನ್ನು ಕೆಳಗಿಟ್ಟೆ.

ಹೆಂಡತಿ, ಮಕ್ಕಳು, ತಂದೆ ತಾಯಿ, ಇಷ್ಟು ಜನಕ್ಕೆ ಎಲ್ಲ ಕಡೆಯೂ ಏನೋ ಒಂದು ದಾರಿ ಇತ್ತು. ಗಂಡನ ಅಕ್ಕನಿಗೆ ಎಲ್ಲೂ ಇರಲಿಲ್ಲ.

ಈ ಅತ್ತಿಗೆ ಉಡುಮಲೈಪೇಟೆಗೆ ಮದುವೆಯಾಗಿ ಹೋದವರು ಎರಡೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದರು. ಅದೇ ವರ್ಷ ಅವರ ತಾಯಿಯೂ ತೀರಿಕೊಂಡರು. ಅಂದಿನಿಂದ ಒಂಬತ್ತು ವರ್ಷದ ತಮ್ಮನ ತಲೆ ಬಾಚಿದ್ದು, ಮಗ್ಗಕ್ಕೆ ನೂಲು ಸುತ್ತಿಕೊಟ್ಟು ಓದಿಸಿದ್ದು ಅವರೇ. ನನ್ನ ಎರಡೂ ಬಾಣಂತನ ಮಾಡಿದ್ದು ಅವರು. ಇಂಥವರು ಯಾವ ದೇಶದ ಕಾಗದದಲ್ಲೂ ಮನೆಯವರಲ್ಲವಂತೆ! ನೋಡದ ಗ್ರೀಸಿನ ಮೇಲೆ ನನಗೆ ಮೈ ಉರಿಯುವಷ್ಟು ಕೋಪ ಬಂತು.

ಕೊಯಮತ್ತೂರಿನ ಏಜೆಂಟು ಮಾತ್ರ ನಗುತ್ತಲೇ ಇದ್ದ. ದುಬೈಗಾದರೆ ಒಂದು ಉಪಾಯವಿದೆ, ಅವರನ್ನು ಮನೆಕೆಲಸದವರು ಎಂದು ತೋರಿಸಿಬಿಡಿ ಎಂದು ತಮಿಳಿನಲ್ಲಿ ಹೇಳಿದ. ಮದುವೆಯಾದ ಮೇಲೆ ಅವರ ಹೆಸರಿಗೆ ಅಪ್ಪನದಲ್ಲ, ಗಂಡನ ಇನಿಶಿಯಲ್ ಇದೆ, ಅಕ್ಕ ಎಂದು ಯಾರಿಗೂ ತಿಳಿಯುವುದಿಲ್ಲ ಎಂದ. ಅದು ಸುಳ್ಳು ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗಂಡ ಕುರ್ಚಿ ತಳ್ಳಿ ಏಳುತ್ತಾರೆ ಅಂದುಕೊಂಡೆ. ಅವರು ಯೋಚಿಸಿ ಹೇಳುತ್ತೇವೆ ಅಂದರು. ನಾನೂ ಮನೆಗೆ ಬಂದು, ದುಬೈ ಹಾಳೆಯಲ್ಲಿ ಅತ್ತಿಗೆಯ ಹೆಸರಿನ ಮುಂದೆ ‘ಮನೆಕೆಲಸದವರು’ ಎಂದೇ ಬರೆದೆ.

ಮರುದಿನ ಅತ್ತಿಗೆ ನುಗ್ಗೆಸೊಪ್ಪು ಬಿಡಿಸುತ್ತಾ ಕೇಳಿದರು. “ಏನ್ ಮಾ, ದಿನಾ ಬರೀತಾನೇ ಇದೀಯಲ್ಲ, ನಂಗೆ ಏನ್ ಬರ್ದಿದೀಯ? ಓದು, ಕೇಳಾಣ.”

ಸುಳ್ಳು ಹೇಳಬಹುದಿತ್ತು. ಅವರಿಗೆ ಓದಲು ಬರುವುದಿಲ್ಲ. ಆದರೆ ಅವರ ಎದುರು ನನ್ನ ಮುಖ ಯಾವತ್ತೂ ಸುಳ್ಳು ಹೇಳಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ.

“ಅದಕ್ಯಾಕೆ ಮುಖ ಹಂಗ್ ಮಾಡ್ಕೊಂಡೆ? ಬರ್ಕೋ. ಇಲ್ಲಿ ಮಾತ್ರ ನಾನೇನ್ ಚುಮ್ಮಾ ಕೂತಿದೀನಾ? ಮಕ್ಳ ಜತೆ ಇದ್ರೆ ಸಾಕು.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಏಜೆಂಟು ಕೊಟ್ಟ ಕರಾರಿನ ಮಾದರಿಯನ್ನೂ ಓದಿಸಿದರು. ಕೆಲಸದವರಿಗೆ ಮಲಗಲು ಜಾಗ, ಕಾಯಿಲೆಯಾದರೆ ಔಷಧಿ, ವಾರಕ್ಕೊಂದು ದಿನ ರಜೆ ಎಂದು ಕನ್ನಡ ಮಾಡಿ ಹೇಳುತ್ತಾ ಹೋದೆ.

“ಲೀವಾ? ನಂಗಾ?” ಎಂದು ಅತ್ತಿಗೆ ಸೊಪ್ಪು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಅವತ್ತು ಅಡಿಗೆ ಯಾರ್ ಮಾಡೋರು?”

ನಾನು ಈ ಮನೆಗೆ ಬಂದು ಹದಿನೆಂಟು ವರ್ಷ. ಪರದೇಶದಲ್ಲಿ ವರ್ಷಕ್ಕೆ ಎಷ್ಟು ದಿನ ಇರಬೇಕೆಂದು ಬಾಯಿಪಾಠ ಮಾಡಿದ್ದ ನಾನು, ನಮ್ಮ ಅಡಿಗೆಮನೆಯಲ್ಲಿ ಈಕೆ ಇಲ್ಲದ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ಹೋಗಿ ಸೋತೆ. ಗ್ರೀಸನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಆಮೇಲೆ ಏಜೆಂಟಿನ ಫೋನು ಬಂದರೂ ಅವರು ಎತ್ತಲಿಲ್ಲ. ಹೊರದೇಶದ ಮಾತು ಅಲ್ಲಿಗೆ ನಿಂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ದೊಡ್ಡ ಮನಸ್ಸು ತೋರಿಸಲು ಹೋಗಿ ಮುಂದಿನ ಭಾನುವಾರ ನಾನೇ ಸೌಟು ಹಿಡಿದು, “ಅತ್ತಿಗೆ, ಇವತ್ತು ನಿಮಗೆ ಲೀವು” ಎಂದೆ. ಬೇಡ ಬೇಡ ಅಂದರು. ಆಮೇಲೆ ಸ್ನಾನ ಮಾಡಿ, ಮದುವೆಮನೆಗಳಿಗೆ ಉಡುವ ಹಸಿರು ಸೀರೆ ಉಟ್ಟು, ಹೂ ಮುಡಿಯದ ತಲೆಯನ್ನು ಎರಡು ಸಲ ಬಾಚಿ, ಕೈಚೀಲ ಹಿಡಿದು ಜಗಲಿಯ ಮೇಲೆ ಕೂತರು. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, “ಇರು ಮಾ, ಯೋಚ್ನೆ ಮಾಡ್ತಾ ಇದೀನಿ” ಅಂದರು. ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ನೋಡುತ್ತಾ ಕೂತೇ ಇದ್ದರು.

ಹನ್ನೊಂದು ಗಂಟೆಗೆ ಅದೇ ಸೀರೆಯಲ್ಲಿ ಒಳಗೆ ಬಂದು ನನ್ನ ಕೈಯಿಂದ ಚಾಕು ತೆಗೆದುಕೊಂಡರು.

“ಲೀವು ಇನ್ನೂ ಮುಗಿದಿಲ್ಲ” ಎಂದೆ.

“ಎಲ್ಲಿಗೆ ಹೋಗ್ಲಿ ಮಾ? ಎಷ್ಟ್ ಯೋಚ್ನೆ ಮಾಡಿದ್ರೂ ಒಬ್ರ ಮನೇನೂ ನೆನಪಿಗೆ ಬರ್ಲಿಲ್ಲ” ಎಂದು ಅವರು ಈರುಳ್ಳಿ ಹೆಚ್ಚತೊಡಗಿದರು.