ಹೆಂಚು ತಟ್ಟಿ ನೋಡುವ ವಿದ್ಯೆ

ಮೈಸೂರು ಕಡೆಯ ಕಾಲೇಜು ಹುಡುಗಿಯೊಬ್ಬಳು ಮಂಗಳೂರು ನೋಡಲೆಂದು ಬಂದವಳು ಪಂಪ್‌ವೆಲ್‌ನಲ್ಲಿ ನನ್ನ ರಿಕ್ಷಾ ಹತ್ತಿದಳು. ಮೊದಲು ಬಂದರಿಗೆ ಹೋದೆವು. ಅಲ್ಲಿ ಹಳೆಯ ಗೋದಾಮಿನ ಮಾಡು ಬಿಚ್ಚಿ ಹೆಂಚುಗಳನ್ನು ರಾಶಿ ಹಾಕಿದ್ದರು. ಒಂದನ್ನು ಎತ್ತಿ ಬೆರಳಿನ ಗಂಟಿನಿಂದ ತಟ್ಟಿದೆ.

“ಟಣ್ ಹೇಳ್ತದೆ ನೋಡಿ, ಇದು ಸರಿ ಬೆಂದದ್ದು. ಡಬ್ ಹೇಳಿದ್ರೆ ಒಳಗೆ ಬೇಯ್ಲಿಲ್ಲ ಅಂತ. ಅದು ಎರಡು ಮಳೆಗಾಲ ಬರುದಿಲ್ಲ.”

“ನಿಮಗೆ ಹೇಗೆ ಗೊತ್ತು ಅಣ್ಣ?”

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹೆಂಚಿನ ಕಾರ್ಖಾನೆ ಸೇರಿದ್ದು, ತಪ್ಪು ಹೆಂಚು ಆರಿಸಿ ಮೇಸ್ತ್ರಿಯಿಂದ ಪೆಟ್ಟು ತಿಂದದ್ದು, ಆಮೇಲೆ ಕಣ್ಣು ಮುಚ್ಚಿಯೇ ಆರಿಸುವಷ್ಟು ಪಳಗಿದ್ದು, ಎಲ್ಲವನ್ನೂ ಹೇಳಿದೆ. ಹೆಂಡತಿಗೂ ನಾನು ಅಷ್ಟು ಹೇಳಿದವನಲ್ಲ.

ಮಧ್ಯಾಹ್ನ ಮ್ಯೂಸಿಯಂಗೆ ಹೋದಾಗ “ನೀವೂ ಬನ್ನಿ” ಎಂದು ಅವಳೇ ಒಳಗೆ ಕರೆದಳು. ಅಲ್ಲಿಯೂ ಮುಟ್ಟಿ ನೋಡಲೆಂದು ಒಂದು ಹಳೆಯ ಹೆಂಚು ಇಟ್ಟಿದ್ದರು. ಅವಳು ಅದನ್ನು ತಟ್ಟಿ, ನನ್ನ ಮಾತನ್ನೇ ಅಲ್ಲಿನ ಅಧಿಕಾರಿಗೆ ಒಪ್ಪಿಸಿದಳು.

“ಭಾರೀ ಲಾಯ್ಕ! ಇದೆಲ್ಲ ಎಲ್ಲಿ ಕಲಿತದ್ದು ನೀವು?” ಎಂದು ಅವರು ಬೆರಗಾದರು.

ನಾನು ಅವಳ ಹಿಂದೆಯೇ ನಿಂತಿದ್ದೆ. ಈಗ ನನ್ನತ್ತ ತಿರುಗುತ್ತಾಳೆಂದು ಅಂಗಿಯ ಕಾಲರ್ ಸರಿಮಾಡಿಕೊಂಡೆ.

“ಒಂದು ಪುಸ್ತಕದಲ್ಲಿ ಓದಿದ್ದೆ ಸರ್.”

“ಇವರು?”

“ಆಟೋ ಡ್ರೈವರ್.”

ನಾನು ಹೊರಗೆ ಬಂದು ರಿಕ್ಷಾದಲ್ಲಿ ಕುಳಿತೆ.

ಸಂಜೆ ಕೊಟ್ಟಾರ ದಾಟುವಾಗ ಅವಳು ಏನೂ ಆಗದವಳಂತೆ ಹಿಂದಿನಿಂದ ಕೇಳಿದಳು: “ಅಣ್ಣ, ಹೆಂಚಿನ ಕಾರ್ಖಾನೆಗಳೆಲ್ಲ ಯಾಕೆ ಮುಚ್ಚಿಹೋದವು?”

“ಗೊತ್ತಿಲ್ಲ” ಎಂದೆ. ನನ್ನ ಕೆಲಸ ಹೋದದ್ದೇ ಹಾಗೆ, ಚೆನ್ನಾಗಿಯೇ ಗೊತ್ತಿತ್ತು.