ಚಿಕ್ಕಪ್ಪ ಎಡಗಡೆ ಸೀಟಿನಲ್ಲಿ ಕೂತ ದಿನ

ಚಿಕ್ಕಮ್ಮ ಫೋನ್ ಮಾಡಿದ್ದು ಬೈಯುವುದಕ್ಕೋ ಅಳುವುದಕ್ಕೋ ಮೊದಲು ತಿಳಿಯಲಿಲ್ಲ. "ಕಾಲೇಜಲ್ಲಿ ವಾದ ಮಾಡಿ ಮಾಡಿ ಕಪ್ಪು ಗೆದ್ಕೊಂಡು ಬರ್ತೀಯಲ್ಲ, ಇಲ್ಲೊಂದ್ಸಲ ಬಂದು ಇವನತ್ರ ವಾದ ಮಾಡು ತಾಯಿ. ನನ್ನ ಮಾತು ಇವನ ಕಿವಿಗೇ ಬೀಳ್ತಿಲ್ಲ."

'ಇವನು' ಎಂದರೆ ಅವರ ಒಬ್ಬನೇ ಮಗ, ನನಗೆ ತಮ್ಮ. ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದಿತ್ತು. ಮನೆಗೆ ಮೊದಲ ಕಾರು ತರುವ ಮಾತು ನಡೆದಿತ್ತು, ಓಡಿಸುವವನು ಅವನೇ ಎಂದೂ ತೀರ್ಮಾನವಾಗಿತ್ತು. ಅಷ್ಟರಲ್ಲಿ ಅವನ ಗೆಳೆಯನೊಬ್ಬನ ಫೋನಿನ ಸ್ಟೇಟಸ್ಸಿನಲ್ಲಿ ಒಂದು ವಿಡಿಯೋ ಬಂತು. ಮಾಲೂರು ಕಡೆಯ ಹೊಸ ರಸ್ತೆಯಲ್ಲಿ ಗೆಳೆಯರ ಎರಡು ಕಾರು ಪಕ್ಕಪಕ್ಕ ಅಂಟಿಕೊಂಡಂತೆ ಓಡುತ್ತಿವೆ. ಓಡಿಸುವವನ ಮುಖ ಕಾಣುವುದಿಲ್ಲ. ಸ್ಟೇರಿಂಗ್ ಮೇಲಿನ ಕೈಯಲ್ಲಿ ಚಿಕ್ಕಮ್ಮ ಮಗನಿಗೆ ತಾವೇ ಕಟ್ಟಿದ ಕೆಂಪು ದಾರ ಮಾತ್ರ ಕಾಣುತ್ತದೆ. ರೇಸು ಬಿಡದಿದ್ದರೆ ಕಾರಿಲ್ಲ ಎಂದು ಅವರು ತೀರ್ಪು ಕೊಟ್ಟಿದ್ದರು. ಬಿಡ್ತೀನಿ ಎಂದು ಅವನು ಬರೀ ಬಾಯಲ್ಲಿ ಹೇಳಿಬಿಟ್ಟರೆ ಮಾಡುವುದೇನು ಎಂಬುದು ಅವರ ನಿಜವಾದ ಭಯ.

ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿ ಹೋಳೂರಿಗೆ ಹೊರಟೆ. ಎದುರಾಳಿಯ ಬಲವಾದ ಮಾತನ್ನು ಮೊದಲೇ ಊಹಿಸಿಕೊಂಡಿರಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಎಲ್ಲರೂ ಮಾಡ್ತಾರೆ, ಏನೂ ಆಗಲ್ಲ, ವಯಸ್ಸಲ್ಲಿ ಇದೆಲ್ಲ ಇರುತ್ತೆ. ಮೂರಕ್ಕೂ ಉತ್ತರ ಸಿದ್ಧವಿತ್ತು. ಅವನು ಮೂರರಲ್ಲಿ ಒಂದನ್ನೂ ಹೇಳಲಿಲ್ಲ.

"ಅಕ್ಕ, ನೀನು ತಪ್ಪಾದ ಮನುಷ್ಯನ್ನ ಹಿಡ್ಕೊಂಡಿದೀಯ. ಮೊದಲು ನಮ್ಮಪ್ಪನ್ನ ಕೇಳು."

ಚಿಕ್ಕಪ್ಪ ಅಲ್ಲೇ ಜಗಲಿಯ ಮೇಲೆ ಕೂತು ಹಗ್ಗದ ಸಿಕ್ಕು ಬಿಡಿಸುತ್ತಿದ್ದರು. ಅವರದು ಟೊಮ್ಯಾಟೊ ಸಾಗಿಸುವ ಪಿಕಪ್. ಸುತ್ತಲಿನ ತೋಟಗಳಿಂದ ಕ್ರೇಟು ತುಂಬಿಕೊಂಡು ಕೋಲಾರದ ಮಂಡಿಗೆ ಹಾಕುತ್ತಾರೆ. ಅವರ ಗಾಡಿಗೆ ಏರಿದ ಮಾಲು ಎಲ್ಲರಿಗಿಂತ ಮೊದಲು ಮಂಡಿಯಲ್ಲಿ ಇಳಿಯುತ್ತದೆ ಎಂದು ಹೆಸರು. ಆ ಹೆಸರಿನ ಮೇಲೇ ಮನೆ ನಡೆಯುತ್ತದೆ.

"ಅಪ್ಪ ಓಡ್ಸಿದ್ರೆ ದುಡಿಮೆ, ನಾನು ಓಡ್ಸಿದ್ರೆ ರೇಸು. ಅದೆಂಗೆ?" ಎಂದ ಹುಡುಗ.

"ಅದು ಹೊಟ್ಟೆಪಾಡು ಕಣೋ," ಎಂದರು ಚಿಕ್ಕಮ್ಮ.

"ಮುಳಬಾಗಿಲಿಗೆ ಮದುವೆಗೆ ಹೋದಾಗ ಅಪ್ಪ ಹೆಣ್ಣಿನ ಕಡೆಯೋರ ಬಸ್ಸನ್ನ ಹಿಂದಕ್ಕೆ ಹಾಕಿದ್ದು ಯಾವ ಹೊಟ್ಟೆಪಾಡಮ್ಮ? ಪಂಕ್ತೀಲಿ ಕೂತು ನೀನೇ ಎಲ್ರಿಗೂ ಹೇಳ್ಕೊಂಡು ನಗ್ತಿದ್ದೆ."

ನಾನು ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ. "ಇವನು ಹೇಳೋದು ಸರಿ ಇದೆ ಚಿಕ್ಕಮ್ಮ," ಎಂದೆ. ತಾವು ಕರೆಸಿದ ವಕೀಲರೇ ಎದುರು ಪಕ್ಷ ಸೇರಿದಂತೆ ಅವರು ನನ್ನನ್ನು ನೋಡಿದರು.

"ಇಷ್ಟು ವರ್ಷ ಓಡ್ಸಿದೀನಿ, ಗಾಡಿ ಮೇಲೆ ಒಂದು ಗೀರಿಲ್ಲ," ಎಂದರು ಚಿಕ್ಕಪ್ಪ, ಹಗ್ಗದಿಂದ ಕಣ್ಣು ತೆಗೆಯದೆ.

"ಏನೂ ಆಗಿಲ್ಲ ಅನ್ನೋದು ಪುರಾವೆ ಅಲ್ಲ ಚಿಕ್ಕಪ್ಪ. ಇನ್ನೂ ಆಗಿಲ್ಲ, ಅಷ್ಟೆ."

"ಕಾಲೇಜು ಮಾತು," ಎಂದು ಎದ್ದು ಹೋದರು. ಅಲ್ಲಿಗೆ ನನ್ನ ವಾದ ಮುಗಿಯಿತು. ಯಾರೂ ಗೆದ್ದಿರಲಿಲ್ಲ.

ಆದರೂ ಮರುದಿನ ನಾಲ್ವರೂ ಕೋಲಾರಕ್ಕೆ ಹಳೆ ಕಾರು ಮಾರುವ ಕಡೆ ಹೋದೆವು. ಕಾರು ನೋಡುವುದರಿಂದ ನಷ್ಟವೇನೂ ಇಲ್ಲ ಎಂದು ಚಿಕ್ಕಮ್ಮನನ್ನು ಒಪ್ಪಿಸಿದ್ದೆ. ಹುಡುಗ ನೆಟ್ಟಗೆ ಹೋಗಿ ನಿಂತದ್ದು ನೆಲಕ್ಕೆ ತಗ್ಗಿಸಿದ, ಸೈಲೆನ್ಸರ್ ಬದಲಾಯಿಸಿದ ಒಂದು ಬಿಳಿ ಕಾರಿನ ಮುಂದೆ.

"ಒಂದೇ ಕೈ ಓಡ್ಸಿರೋದು. ಡಾಕ್ಟರ್ ಗಾಡಿ," ಎಂದ ಮಾರುವವನು.

"ಆ ಕಡೇದು?" ಎಂದೆ ನಾನು.

"ಅದೂ ಡಾಕ್ಟರ್‌ದೇ ಮೇಡಂ."

"ಕೋಲಾರದ ಡಾಕ್ಟರೆಲ್ಲ ಕಾರು ಮಾರ್ಕೊಂಡು ಕೂತಿದ್ರೆ ಪೇಷಂಟ್ ನೋಡೋರು ಯಾರಪ್ಪ?" ಎಂದೆ. ತಮ್ಮನೂ ನಕ್ಕ. ಹಿಂದಿನ ಸಂಜೆಯಿಂದ ಅವನು ನಕ್ಕಿದ್ದು ಅದೇ ಮೊದಲು.

ಚಿಕ್ಕಪ್ಪನಿಗೆ ಒಂದು ಮುದಿ ಗಾಡಿ ಹಿಡಿಸಿತು. "ಇದು ಓಡೋದೇ ಇಲ್ಲ. ಇನ್ನ ರೇಸೆಲ್ಲಿ?" ಎಂದರು. ನಾನು ಒಪ್ಪಲಿಲ್ಲ. ಓಡದ ಗಾಡಿ ನಿಲ್ಲುವುದೂ ಇಲ್ಲ. ಅದರ ಬ್ರೇಕು ಹಳೆಯದು, ಏರ್‌ಬ್ಯಾಗಿಲ್ಲ, ಹಿಂದಿನ ಸೀಟಿಗೆ ಬೆಲ್ಟಿಲ್ಲ. ರೇಸಿನ ಹುಚ್ಚಿರುವವನು ಟ್ರ್ಯಾಕ್ಟರ್ ಕೊಟ್ಟರೂ ಪಕ್ಕದವನನ್ನು ನೋಡಿಯೇ ಓಡಿಸುತ್ತಾನೆ. ಮೂಲೆಯಲ್ಲಿ ನಿಂತಿದ್ದ ಬೂದು ಬಣ್ಣದ ಕಾರನ್ನು ನಾನು ತೋರಿಸಿದೆ. ಸಾಧಾರಣ ಎಂಜಿನ್ನು, ಏರ್‌ಬ್ಯಾಗು, ಹೊಸ ನಮೂನೆಯ ಬ್ರೇಕು, ಎಲ್ಲ ಸೀಟಿಗೂ ಬೆಲ್ಟು. "ಮೇಷ್ಟ್ರ ಕಾರಿದ್ದಂಗಿದೆ," ಎಂದು ಹುಡುಗ ಮೂಗು ಮುರಿದ. ಆದರೂ ಓಡಿಸಿ ನೋಡಲು ಕೀಲಿ ಈಸಿಕೊಂಡ.

ಅವನು ಸ್ಟೇರಿಂಗಿಗೆ ಕೂತ, ಚಿಕ್ಕಪ್ಪ ಅವನ ಎಡಗಡೆ, ನಾನೂ ಚಿಕ್ಕಮ್ಮನೂ ಹಿಂದಿನ ಸೀಟಿನಲ್ಲಿ. ಮುಳಬಾಗಿಲು ಹೈವೇಗೆ ತಿರುಗಿದೆವು. ಅವನು ರೇಸು ಮಾಡಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಅಪ್ಪ ಓಡಿಸುವಂತೆ ಓಡಿಸಿದ. ಲಾರಿಯ ಬೆನ್ನಿಗೆ ಅಂಟಿ ಹಾರನ್ ಒತ್ತಿದ, ಸಂದು ಸಿಕ್ಕಿದೊಡನೆ ಎಡಗಡೆಯಿಂದ ನುಗ್ಗಿದ, ಮತ್ತೆ ಇನ್ನೊಂದರ ಬೆನ್ನಿಗೆ ಬಿದ್ದ. ಚಿಕ್ಕಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತ ನೆಲವನ್ನು ಒತ್ತುತ್ತಿತ್ತು. ಮೇಲಿನ ಹಿಡಿಯನ್ನು ಒಂದು ಕೈ ಬಿಗಿಯಾಗಿ ಹಿಡಿದಿತ್ತು. ಅಷ್ಟು ವರ್ಷ ಗಾಡಿ ಓಡಿಸಿದ ಮನುಷ್ಯ ಇನ್ನೊಬ್ಬರ ಪಕ್ಕ ಕೂತವರೇ ಅಲ್ಲವೆಂದು ನನಗೆ ಹೊಳೆದದ್ದು ಆಗ.

"ಲೇ, ನಿಧಾನಕ್ಕೋಗ್ಲಾ."

"ನಿನ್ನಂಗೇ ಓಡ್ಸ್ತಿದೀನಪ್ಪ."

"ನಾನೆಲ್ಲಿ ಹಿಂಗೆ ಓಡಿಸ್ತೀನಿ?" ಎಂದು ಚಿಕ್ಕಪ್ಪ ಹಿಂದಕ್ಕೆ ತಿರುಗಿ ಹೆಂಡತಿಯನ್ನು ಕೇಳಿದರು. ಅವರ ಹಣೆ ಬೆವತಿತ್ತು.

"ಇದಕ್ಕಿಂತ ಜೋರಾಗೇ ಓಡಿಸ್ತೀಯ," ಎಂದರು ಚಿಕ್ಕಮ್ಮ.

"ಮತ್ತೆ ನೀನು ಯಾವತ್ತೂ ಹೇಳಿಲ್ಲ?"

"ಕಣ್ಮುಚ್ಕೊಂಡು ದೇವ್ರನ್ನ ನೆನಸ್ತಾ ಕೂತಿರ್ತಿದ್ದೆ. ಇಳಿದ್ಮೇಲೆ ಬದುಕಿದೀವಲ್ಲ ಅಂತ ಸಂತೋಷ ಆಗ್ತಿತ್ತು. ಅದಕ್ಕೇ ಎಲ್ರಿಗೂ ಹೇಳ್ಕೊಂಡು ನಗ್ತಿದ್ದೆ."

ಹುಡುಗ ಕನ್ನಡಿಯಲ್ಲಿ ಅಮ್ಮನನ್ನು ನೋಡಿದ. ಅವನು ಹೆಮ್ಮೆ ಎಂದುಕೊಂಡಿದ್ದ ನಗು ಅದು. ನಾನೂ ಹಾಗೆಯೇ ಅಂದುಕೊಂಡು ಅವನಿಗೆ ಅಂಕ ಕೊಟ್ಟಿದ್ದೆ. ಕಾರಿನ ವೇಗ ತಾನಾಗಿ ಇಳಿಯಿತು. ಒಳ್ಳೆಯ ವಾದವೊಂದು ನಾಲಗೆಯ ತುದಿಯಲ್ಲಿದ್ದರೂ ಸುಮ್ಮನಿದ್ದುದು ನನ್ನ ಬದುಕಿನಲ್ಲಿ ಅಪರೂಪ.

ವೇಗ ಇಳಿದದ್ದನ್ನು ಕಂಡ ಚಿಕ್ಕಮ್ಮ ಒಪ್ಪಿದರು, ಬೂದು ಕಾರನ್ನೇ ಕೊಂಡೆವು. ಅದೇ ಸಂಜೆ ಅದರಲ್ಲೇ ಹೋಳೂರಿಗೆ ವಾಪಸು ಹೊರಟಿದ್ದಾಗ ಹಿಂದಿನಿಂದ ಖಾಲಿ ಪಿಕಪ್ಪೊಂದು ಬಂದು ಪಕ್ಕಕ್ಕೇ ಅಂಟಿಕೊಂಡಿತು. ಅದರ ಡ್ರೈವರ್ ಮಂಡಿಯಲ್ಲಿ ಚಿಕ್ಕಪ್ಪನ ಜತೆ ಪೈಪೋಟಿಗೆ ಬೀಳುವವನು. ಕಿಟಕಿಯಿಂದ ತಲೆ ಹೊರಗೆ ಹಾಕಿ ತೆಲುಗಿನಲ್ಲಿ, "ಏಮಣ್ಣಾ, ಎದ್ದುಲ ಬಂಡಿ ಕೊನ್ನಾವಾ?" ಎಂದ. ಎತ್ತಿನ ಗಾಡಿ ಕೊಂಡ್ಯಾ ಎಂದು ಕೇಳಿ ಹಾರನ್ ಬಾರಿಸಿದ.

ಹುಡುಗ ಅಪ್ಪನ ಮುಖ ನೋಡಿದ. ಅವನ ಕಾಲು ಆಕ್ಸಿಲರೇಟರ್ ಮೇಲಿತ್ತು. ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಚಿಕ್ಕಪ್ಪನ ದವಡೆ ಬಿಗಿಯಿತು. "ಹೋಗ್ಲಿ ಬಿಡೋ," ಎಂದರು. "ದಾರಿ ಕೊಡು ಅವನಿಗೆ."

ಪಿಕಪ್ಪು ಮುಂದೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ನಾಳೆ ಮಂಡಿಯಲ್ಲಿ ಈ ಮಾತು ಎಷ್ಟು ಬಾಯಿ ಸುತ್ತುತ್ತದೆಂದು ಅವರಿಗೆ ಗೊತ್ತಿತ್ತು.

ಒಂದು ಸಲ ನಡೆದದ್ದರಿಂದ ಏನೂ ಸಾಬೀತಾಗುವುದಿಲ್ಲ. ಮಾಲೂರು ರಸ್ತೆಯ ಗೆಳೆಯರು ಕರೆದರೆ ತಮ್ಮ ಏನು ಮಾಡುತ್ತಾನೋ ನಾನು ಆಣೆ ಮಾಡಿ ಹೇಳಲಾರೆ. ಊರು ಬಂದಾಗ ಚಿಕ್ಕಮ್ಮ, "ಡೈರಿ ಹತ್ರ ನಿಲ್ಸೋ, ಹಾಲು ತಗೋಬೇಕು," ಎಂದರು. ಅವನು ಬಹಳ ಮೊದಲೇ ಬ್ರೇಕು ಹಾಕಿ, ಹಿಂದೆ ಯಾರೂ ಇಲ್ಲದಿದ್ದರೂ ಇಂಡಿಕೇಟರ್ ಕೊಟ್ಟು, ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದ.