ಅತ್ತೆಯ ರೈಫಲ್ಲಿನ ಹಾಸಿಗೆ

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಕನ್ನಡಕದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಹದಿನಾರು ವರ್ಷ ಗಾಜು ಉಜ್ಜಿದರು. ಮೇಲೆ ಗಿರಾಕಿಗಳು ಕನ್ನಡಿಯ ಮುಂದೆ ನಿಂತು ಫ್ರೇಮು ಹಾಕಿ ತೆಗೆದು ಮಾಡುತ್ತಿದ್ದರೆ, ಕೆಳಗೆ ಅವರು ಲೆನ್ಸಿನ ಅಂಚನ್ನು ಕೂದಲೆಳೆಯಷ್ಟು ಸವೆಸಿ ಆ ಫ್ರೇಮಿಗೆ ಕೂರಿಸುತ್ತಿದ್ದರು. ಮೆಟ್ಟಿಲ ಬಾಗಿಲು ಹಾಕಿದರೆ ಹಗಲೋ ಸಂಜೆಯೋ ತಿಳಿಯುವಂತಿರಲಿಲ್ಲ. ಮಾಲೀಕರು ತಿಂಗಳಿಗೊಮ್ಮೆ ಕೆಳಗಿಳಿದು ಬಂದು, ನೀನು ನಮ್ಮ ಮನೆಯವಳಿದ್ದ ಹಾಗೆ ಎಂದು ಹೇಳಿ ಮತ್ತೆ ಮೇಲೆ ಹೋಗುತ್ತಿದ್ದರು.

ಗಂಡನ ಮನೆ ಬಿಟ್ಟು ಬಂದ ಮೇಲೆ ಅತ್ತೆ ನಮ್ಮಲ್ಲೇ ಇದ್ದರು. ಎರಡೇ ಕೋಣೆಯ ಮನೆ. ರಾತ್ರಿ ಎಲ್ಲರೂ ಮಲಗಲು ಹೋದ ಮೇಲೆ ಹಾಲ್‌ನಲ್ಲಿ ಚಾಪೆ ಬಿಚ್ಚುತ್ತಿದ್ದರು, ಎಲ್ಲರೂ ಏಳುವ ಮೊದಲು ಸುತ್ತಿ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದರು. ಬಂಧುಗಳು ಯಾರಾದರೂ ಬಂದರೆ ಚಾಪೆ ಅಡುಗೆಮನೆಗೆ ಹೋಗುತ್ತಿತ್ತು. ಯಾರೂ ಅವರನ್ನು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಹಾಗೆ ಹದಿನೇಳು ವರ್ಷ ಕಳೆಯಿತು.

ಊರಾಚೆಯ ರೈಫಲ್ ಕ್ಲಬ್ಬಿಗೆ ಅವರು ಮೊದಲು ಹೋದದ್ದು ಒಬ್ಬರ ಕನ್ನಡಕ ಸರಿಮಾಡಲು. ಗುರಿ ನೋಡುವಾಗ ಫ್ರೇಮು ಮೂಗಿನಿಂದ ಜಾರುತ್ತದೆ ಎಂದು ದೂರು ಬಂದಿತ್ತು. ಕೆಲಸ ಮುಗಿದ ಮೇಲೆ ಅಲ್ಲಿಯವರು ತಮಾಷೆಗೆ ಐದು ಗುಂಡು ಹಾರಿಸಲು ಕೊಟ್ಟರು. ಐದೂ ಕಪ್ಪು ವೃತ್ತದೊಳಗೇ ಬಿದ್ದವು. ಅಂದಿನಿಂದ ಹನ್ನೊಂದು ವರ್ಷ, ವಾರಕ್ಕೊಂದು ದಿನ, ಕ್ಲಬ್ಬಿನ ರೈಫಲ್ಲಿನಲ್ಲೇ ಅಭ್ಯಾಸ ಮಾಡಿದರು. ಆದರೆ ಅದು ಹತ್ತು ಕೈ ಓಡಾಡುವ ರೈಫಲ್ಲು. ಒಬ್ಬರು ಗುರಿ ನೋಡುವ ಸೈಟನ್ನು ತಿರುಗಿಸಿ ಇಟ್ಟರೆ ಇನ್ನೊಬ್ಬರಿಗೆ ಗುಂಡು ಎಡಕ್ಕೆ ಹೋಗುತ್ತಿತ್ತು. ಆರುನೂರಕ್ಕೆ ಐನೂರ ಅರವತ್ತೆರಡರ ಮೇಲೆ ಅವರ ಅಂಕ ಏರಲೇ ಇಲ್ಲ.

ಒಂದು ದಿನ ಕ್ಲಬ್ಬಿನ ಕಾರ್ಯದರ್ಶಿ ಒಂದು ಸುದ್ದಿ ಹೇಳಿದರು. ದೂರದ ಊರಿನ ಶಾಲೆಯೊಂದು ಮಕ್ಕಳಿಗಾಗಿ ಹೊಸ ಶೂಟಿಂಗ್ ರೇಂಜು ಕಟ್ಟಿಸಿದೆ, ಕಲಿಸುವವರು ಬೇಕು, ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ. ಷರತ್ತು ಎರಡು. ಸ್ವಂತ ರೈಫಲ್ ಇರಬೇಕು, ವಾರ್ಷಿಕ ಪಂದ್ಯದಲ್ಲಿ ಐನೂರ ಎಪ್ಪತ್ತು ಅಂಕ ತೆಗೆಯಬೇಕು. ಅತ್ತೆ ಮನೆಗೆ ಬಂದು ಏನೂ ಹೇಳಲಿಲ್ಲ. ಪರವಾನಗಿ ಅವರ ಬಳಿ ಮೊದಲೇ ಇತ್ತು. ತಿಂಗಳೊಳಗೆ ಯಾರದೋ ಮನೆಯಲ್ಲಿ ಧೂಳು ಹಿಡಿದಿದ್ದ ಒಂದು ಹಳೆಯ ಬೋಲ್ಟ್ ರೈಫಲ್ಲನ್ನು ಕೊಂಡರು. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕಾದ, ಮರದ ಮೈಯ, ಸಣ್ಣ ಗುಂಡಿನ ರೈಫಲ್ಲು.

ಅದನ್ನು ಗುರಿಗೆ ತರಲು ನೆರವಾದವರು ಕ್ಲಬ್ಬಿನ ರಿಪೇರಿಯವರು. ಎಪ್ಪತ್ತರ ವಯಸ್ಸು. ಎಲ್ಲರೂ ಅವರನ್ನು ಎಣ್ಣೆ ಮಾವ ಎನ್ನುತ್ತಿದ್ದರು. ಬಂದೂಕಿಗೆ ಹಾಕುವ ಎಣ್ಣೆ, ಬೇರೆ ಎಣ್ಣೆಯಲ್ಲ ಎಂದು ಹೊಸಬರಿಗೆ ಅವರೇ ಮೊದಲು ಬಿಡಿಸಿ ಹೇಳುತ್ತಿದ್ದರು. ಅವರು ಒಂದು ಕಾಗದದ ಪಟ್ಟಿಯನ್ನು ನಳಿಕೆಗೂ ಮರಕ್ಕೂ ನಡುವೆ ತೂರಿಸಿ ಎಳೆದರು. ಅರ್ಧದಲ್ಲಿ ಸಿಕ್ಕಿಕೊಂಡಿತು. ಮರ ನಳಿಕೆಯ ಕತ್ತು ಹಿಸುಕುತ್ತಿದೆ, ಬಿಸಿಯಾದಾಗ ಅದಕ್ಕೆ ಅಲುಗಲು ಜಾಗವಿಲ್ಲ, ಗುಂಡು ಎಲ್ಲಿಗೆ ಹೋಗಬೇಕೋ ಅದಕ್ಕೇ ಗೊತ್ತಿಲ್ಲ ಎಂದರು. ಅತ್ತೆ ಉಪ್ಪುಕಾಗದವನ್ನು ಒಂದು ಕೊಳವೆಗೆ ಸುತ್ತಿ ನಾಲ್ಕು ಸಂಜೆ ಮರವನ್ನು ಉಜ್ಜಿದರು. ಕಾಗದ ಸರಾಗವಾಗಿ ಓಡಿತು. ಹಳೆಯ ಸೈಟು ತೆಗೆದು ಸಣ್ಣ ತೂತಿನ ಹೊಸ ಸೈಟು ಹಾಕಿಸಿದರು. ನಾಲ್ಕು ಬಗೆಯ ಗುಂಡು ತಂದು, ಒಂದೊಂದರಲ್ಲೂ ಹತ್ತತ್ತು ಹಾರಿಸಿ, ರಂಧ್ರಗಳು ಯಾವುದರಲ್ಲಿ ಹತ್ತಿರ ಬಿದ್ದಿವೆ ಎಂದು ಅಳೆದು ಒಂದನ್ನು ಆರಿಸಿದರು.

ಉಳಿದದ್ದು ಎರಡು ಕೆಲಸ. ಹಿಂದಿನ ಮಾಲೀಕರು ಟ್ರಿಗರನ್ನು ತುಂಬ ಹಗುರ ಮಾಡಿಟ್ಟಿದ್ದರು. ಪಂದ್ಯದ ನಿಯಮದಂತೆ ಟ್ರಿಗರಿಗೆ ಒಂದೂವರೆ ಕಿಲೋ ತೂಕ ನೇತು ಹಾಕಿದರೂ ಅದು ಬಿಡಬಾರದು. ಅದನ್ನು ಬಿಗಿ ಮಾಡುವ ಸ್ಕ್ರೂ ಮರದ ಒಳಗಿತ್ತು. ಇನ್ನೊಂದು, ಬೋಲ್ಟ್ ಓಡಾಡುವ ಉಕ್ಕಿನ ಭಾಗ ಮರದ ಮೇಲೆ ಅಲುಗದೆ ಕೂರುವಂತೆ, ಎರಡರ ನಡುವೆ ಗಟ್ಟಿಯಾಗುವ ಅಂಟು ಹಾಕಿ ಅಚ್ಚು ತೆಗೆಯುವುದು. ಇದಕ್ಕೆ ಹಾಸಿಗೆ ಹಾಕುವುದು ಎನ್ನುತ್ತಾರೆ. ಅಂಟು ಆರಿದ ಮೇಲೆ ಹೇಗೂ ಉಕ್ಕನ್ನು ಹೊರಗೆ ತೆಗೆಯಬೇಕು, ಟ್ರಿಗರನ್ನು ಆಗಲೇ ಬಿಗಿ ಮಾಡಿದರಾಯಿತು ಎಂದು ಇಬ್ಬರೂ ಅಂದುಕೊಂಡರು. ಉಕ್ಕಿಗೆ ಎರಡು ಪದರ ಬೂಟ್ ಪಾಲಿಶ್ ಬಳಿ, ಆಗ ಅಂಟು ಮರಕ್ಕೆ ಮಾತ್ರ ಹಿಡಿಯುತ್ತದೆ, ಉಕ್ಕು ಸಲೀಸಾಗಿ ಎದ್ದು ಬರುತ್ತದೆ ಎಂದು ಎಣ್ಣೆ ಮಾವ ಮೂರು ಸಲ ಹೇಳಿ ಕಳುಹಿಸಿದರು.

ಪಂದ್ಯಕ್ಕೆ ಎರಡು ವಾರವಿತ್ತು. ಭಾನುವಾರ ಮಧ್ಯಾಹ್ನ ಅತ್ತೆ ಹಾಲ್‌ನಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತರು. ಅಮ್ಮ ಬಟ್ಟೆ ಮಡಿಸುತ್ತ, ಇದೇನು ನಡೆಯುತ್ತಿದೆ ಎಂದು ವಿಚಾರಿಸಿದರು. ರೈಫಲ್ಲಿಗೆ ಹಾಸಿಗೆ ಎಂದು ಅತ್ತೆ ಹೇಳಿದರು.

“ನಿಮಗೇ ಚಾಪೆ ಅತ್ತಿಗೆ, ಅದಕ್ಕೆ ಹಾಸಿಗೆನಾ?” ಎಂದರು ಅಮ್ಮ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆಡಿದ ಮೇಲೆ ಅವರೂ ಅತ್ತೆಯ ಮುಖ ನೋಡಲಿಲ್ಲ.

ಅತ್ತೆ ಪಾಲಿಶ್ ಬಳಿದರು, ಒಣಗಲು ಬಿಟ್ಟರು, ಮತ್ತೆ ಬಳಿದರು. ಅಂಟು ಕಲಸಿ ಮರದ ಕುಳಿಗೆ ಸವರಿದರು. ಉಕ್ಕನ್ನು ಎತ್ತಿ ಅದರಲ್ಲಿ ಇಳಿಸಿ, ಉಕ್ಕನ್ನು ಮರಕ್ಕೆ ಜೋಡಿಸುವ ಎರಡು ಸ್ಕ್ರೂ ಬಿಗಿದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ನೆಲಮಾಳಿಗೆಯಲ್ಲಿ ದಿನದ ಮೊದಲ ಲೆನ್ಸನ್ನು ಕೈಗೆತ್ತಿಕೊಂಡರು. ಯಂತ್ರದ ಹಿಡಿಗೆ ಲೆನ್ಸು ಅಂಟಿಸುವ ಮೊದಲು ಅದನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಬೆರಳಿನ ಒಂದು ಗುರುತಿದ್ದರೂ ಅಂಟು ಹಿಡಿಯದೆ ಲೆನ್ಸು ಜಾರಿಬಿಡುತ್ತದೆ. ಒರೆಸುತ್ತಿದ್ದ ಕೈ ಹಾಗೇ ನಿಂತಿತು. ನಿನ್ನೆ ಉಕ್ಕನ್ನು ಎತ್ತಿಕೊಂಡಾಗ ಕಪ್ಪು ಪಾಲಿಶ್ ಮೇಲೆ ಬೆರಳಿನ ಗುರುತುಗಳು ಕಂಡಿದ್ದವು. ಪಕ್ಕದಲ್ಲಿ ಮರ ಒರೆಸಲು ತಂದಿದ್ದ ಸ್ಪಿರಿಟ್ ಬಟ್ಟೆಯಿತ್ತು. ಹದಿನಾರು ವರ್ಷದ ಕೈ ತನ್ನಷ್ಟಕ್ಕೆ ತಾನೇ ಹೋಗಿ ಉಕ್ಕನ್ನು ಫಳಫಳ ಒರೆಸಿಬಿಟ್ಟಿತ್ತು. ಅದಾದ ಮೇಲೆಯೇ ಅವರು ಅದನ್ನು ಅಂಟಿನೊಳಗೆ ಇಳಿಸಿದ್ದು.

ಸಂಜೆ ರೈಫಲ್ಲನ್ನು ಕ್ಲಬ್ಬಿಗೆ ಒಯ್ದು, ಆ ಎರಡು ಸ್ಕ್ರೂ ಬಿಚ್ಚಿ ಎಳೆದರು. ಉಕ್ಕೂ ಮರವೂ ಒಂದೇ ಆಗಿದ್ದವು. ಎಣ್ಣೆ ಮಾವ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿದರು, ಅಲುಗಲಿಲ್ಲ. ಚಳಿಗೆ ಉಕ್ಕು ಕುಗ್ಗುತ್ತದೆ, ಫ್ರೀಜರಿನಲ್ಲಿಟ್ಟರೆ ಬಿಟ್ಟುಕೊಳ್ಳಬಹುದು ಎಂದರು. ಅಷ್ಟು ಉದ್ದದ ಫ್ರೀಜರು ಇದ್ದದ್ದು ಕ್ಲಬ್ಬಿನ ದಾರಿಯ ಐಸ್‌ಕ್ರೀಮ್ ಅಂಗಡಿಯಲ್ಲಿ ಮಾತ್ರ. ಆ ವಾರದ ನಡುವೆ ಬಂದ ರಜೆಯ ದಿನ ಅತ್ತೆ ಬೋಲ್ಟ್ ಕಳಚಿ ಚೀಲಕ್ಕೆ ಹಾಕಿಕೊಂಡು, ರೈಫಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ವೆನಿಲ್ಲಾ ಡಬ್ಬಗಳ ಅಡಿಯಲ್ಲಿ ಮಲಗಿಸಿದರು. ಪರವಾನಗಿಯ ಬಂದೂಕನ್ನು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಫ್ರೀಜರಿನ ಪಕ್ಕ ಸ್ಟೂಲಿನ ಮೇಲೆ ಕುಳಿತರು. ಗಿರಾಕಿಗಳು ಅವರನ್ನು ಅಂಗಡಿಯವರೆಂದುಕೊಂಡು ಕೋನ್ ಕೇಳಿದರು. ಮಧ್ಯಾಹ್ನದ ಮೇಲೆ ಅವರೇ ಎತ್ತಿ ಕೊಡತೊಡಗಿದರು. ಸಂಜೆ ರೈಫಲ್ಲು ಹಿಮ ಹಿಡಿದು ಹೊರಗೆ ಬಂತು. ಅಂಟು ಬಿಡಲಿಲ್ಲ.

ಶನಿವಾರ ಅದನ್ನು ಹಾಗೆಯೇ ರೇಂಜಿಗೆ ಒಯ್ದು ಐದು ಗುಂಡು ಹಾರಿಸಿದರು. ಎಣ್ಣೆ ಮಾವ ಗುರಿಯ ಕಾಗದ ತಂದು ಬೆಳಕಿಗೆ ಹಿಡಿದರು. ಇದ್ದದ್ದು ಒಂದೇ ರಂಧ್ರ, ಅಂಚು ಸ್ವಲ್ಪ ಹರಿದಿತ್ತು, ಅಷ್ಟೇ. ಕೆಲವರು ಬೇಕೆಂದೇ ಹೀಗೆ ಅಂಟಿಸುತ್ತಾರೆ, ಇದಕ್ಕಿಂತ ಗಟ್ಟಿ ಹಾಸಿಗೆ ಇಲ್ಲ ಎಂದರು. ಅತ್ತೆ ಕಾಗದವನ್ನು ನೋಡುತ್ತ ಕುಳಿತರು. ಹನ್ನೊಂದು ವರ್ಷದಲ್ಲಿ ಅವರ ಕೈಯಿಂದ ಅಂಥ ಗುರಿ ಬಿದ್ದಿರಲಿಲ್ಲ. ಆದರೆ ಟ್ರಿಗರಿಗೆ ತೂಕ ನೇತು ಹಾಕಿದೊಡನೆ ಅದು ಟಕ್ಕೆಂದು ಬಿಟ್ಟಿತು. ಸರಿಮಾಡುವ ಸ್ಕ್ರೂ ಒಳಗೆ ಹೂತು ಹೋಗಿತ್ತು. ಮರ ಸೀಳಿದರೆ ಸ್ಕ್ರೂ ಸಿಗುತ್ತದೆ, ಗುರಿ ಹೋಗುತ್ತದೆ. ಹೊಸ ಮರ ಬರಲು ತಿಂಗಳು ಬೇಕು. ಪಂದ್ಯಕ್ಕೆ ಎಂಟು ದಿನ.

ಎಣ್ಣೆ ಮಾವ ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, “ನೋಡಮ್ಮ, ಎಲ್ಲರ ಟ್ರಿಗರೂ ತೂಗಲ್ಲ. ಚೀಟಿ ಎತ್ತುತ್ತಾರೆ, ಮೂರರಲ್ಲಿ ಒಂದು. ನಿನ್ನ ಸಂಖ್ಯೆ ಬರದಿದ್ರೆ ಯಾರು ಕೇಳ್ತಾರೆ?” ಎಂದರು.

“ಚೀಟಿ ಬರಲ್ಲ ಅಂತಲೇ ಇಟ್ಕೊಳ್ಳಿ ಮಾವ. ಅಲ್ಲಿ ಹೋಗಿ ಆ ಮಕ್ಕಳಿಗೆ ನಾನು ಏನಂತ ಹೇಳ್ಕೊಡ್ಲಿ?” ಎಂದರು ಅತ್ತೆ.

ಆ ವಾರ ಅತ್ತೆ ಊಟಕ್ಕೆ ಕುಳಿತಾಗ ತುತ್ತು ಕೈಯಲ್ಲೇ ಇರುತ್ತಿತ್ತು. ಏನಾಯಿತು ಎಂದು ಅಪ್ಪ ಎರಡು ಸಲ ಕೇಳಿ ಬಿಟ್ಟರು. ಶಾಲೆ, ಕೋಣೆ ಇವೆಲ್ಲ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಸಿಕ್ಕಿಬಿದ್ದದ್ದು ರೈಫಲ್ಲಿನ ಅಂಟಿನಲ್ಲಿ ಮಾತ್ರವಲ್ಲ ಎಂಬುದೂ ನಮಗೆ ತಿಳಿಯಲಿಲ್ಲ.

ಗುರುವಾರ ಅಂಗಡಿಯಲ್ಲಿ ಅಂಚಿಲ್ಲದ ಕನ್ನಡಕದ ಕೆಲಸ ಬಂತು. ಅಂಥದ್ದಕ್ಕೆ ಫ್ರೇಮು ಇರುವುದಿಲ್ಲ, ಲೆನ್ಸಿಗೇ ತೂತು ಕೊರೆದು ಕಡ್ಡಿ ಸಿಕ್ಕಿಸಬೇಕು. ಕೂದಲಷ್ಟು ಆಚೀಚೆಯಾದರೆ ಲೆನ್ಸು ಬಿರಿಯುತ್ತದೆ. ಅತ್ತೆ ಎರಡು ತೂತು ಕೊರೆದರು, ಯಂತ್ರ ನಿಲ್ಲಿಸಿದರು, ಮೆಟ್ಟಿಲು ಹತ್ತಿ ಮಾಲೀಕರ ಮುಂದೆ ನಿಂತು ಈ ಡ್ರಿಲ್ಲು ಎರಡು ದಿನ ಬೇಕು ಎಂದರು. ಹದಿನಾರು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಯಾರ ಲೆನ್ಸಿಗೆ ಎಂದು ಕೇಳಬೇಕೆಂಬುದೂ ಮಾಲೀಕರಿಗೆ ಹೊಳೆಯಲಿಲ್ಲ, ತಲೆಯಾಡಿಸಿಬಿಟ್ಟರು.

ಕ್ಲಬ್ಬಿನ ಕಪಾಟಿನಲ್ಲಿ ಅದೇ ತಯಾರಿಕೆಯ ಇನ್ನೊಂದು ರೈಫಲ್ಲಿತ್ತು. ಅದರ ಮರ ಬಿಚ್ಚಿಟ್ಟುಕೊಂಡು, ಟ್ರಿಗರಿನ ಸ್ಕ್ರೂ ಎಲ್ಲಿದೆ, ಎಷ್ಟು ಆಳದಲ್ಲಿದೆ, ಯಾವ ಕೋನದಲ್ಲಿದೆ ಎಂದು ಮೂರು ಸಲ ಅಳೆದರು. ಮೂರನೆಯ ಸಲ ಮೊದಲಿನ ಎರಡು ಲೆಕ್ಕ ನೋಡದೆ ಅಳೆದರು. ಶುಕ್ರವಾರ ಸಂಜೆ ರೈಫಲ್ಲನ್ನು ಮಗುಚಿ ಮಲಗಿಸಿ, ಟ್ರಿಗರಿನ ಮುಂದೆ ಪೆನ್ಸಿಲಿನ ಚುಕ್ಕೆಯಿಟ್ಟು ಕೊರೆಯತೊಡಗಿದರು. ಒಂದಿಷ್ಟು ಕೊರೆಯುವುದು, ಪುಡಿ ಊದುವುದು, ಕಡ್ಡಿ ಇಳಿಸಿ ಆಳ ನೋಡುವುದು, ಮತ್ತೆ ಕೊರೆಯುವುದು. ಎಣ್ಣೆ ಮಾವ ನೋಡಲಾಗದೆ ಹೊರಗೆ ಹೋಗಿ ನಿಂತರು. ಮುಕ್ಕಾಲು ಗಂಟೆಯ ಮೇಲೆ ಕಡ್ಡಿಯ ತುದಿಗೆ ಉಕ್ಕು ತಾಕಿತು. ಟಾರ್ಚು ಬಿಟ್ಟು ನೋಡಿದರೆ ರಂಧ್ರದ ತಳದಲ್ಲಿ ಸ್ಕ್ರೂವಿನ ತಲೆ, ನಡುಮಧ್ಯಕ್ಕಿಂತ ತುಸು ಬಲಕ್ಕೆ. ತೆಳು ಸ್ಕ್ರೂಡ್ರೈವರಿಗೆ ಅಷ್ಟು ಸಾಕಾಗಿತ್ತು. ಎರಡೂಕಾಲು ಸುತ್ತು ತಿರುಗಿಸಿದ ಮೇಲೆ ಟ್ರಿಗರು ತೂಕವನ್ನು ಹಿಡಿದು ನಿಂತಿತು.

ಭಾನುವಾರ ಪಂದ್ಯಕ್ಕೆ ಮೊದಲು ಚೀಟಿ ಎತ್ತಿದರು. ಅತ್ತೆಯ ಸಂಖ್ಯೆ ಬರಲೇ ಇಲ್ಲ. ಎಣ್ಣೆ ಮಾವ ಅತ್ತೆಯ ಕಡೆ ನೋಡಿ, ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು.

ಅದು ನೆಲದ ಮೇಲೆ ಮಲಗಿ ಅರವತ್ತು ಗುಂಡು ಹಾರಿಸುವ ಪಂದ್ಯ. ಬಿಗಿಯಾದ ಟ್ರಿಗರಿಗೆ ಬೆರಳು ಪಳಗಿರಲಿಲ್ಲ. ಮೊದಲ ಹತ್ತು ಗುಂಡಿಗೆ ಬಂದದ್ದು ತೊಂಬತ್ತೊಂದು. ಆ ಲೆಕ್ಕದಲ್ಲಿ ಹೋದರೆ ಐನೂರ ಐವತ್ತೂ ದಾಟುವುದಿಲ್ಲ. ಅತ್ತೆ ಬೋಲ್ಟ್ ತೆರೆದಿಟ್ಟು, ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡು ಸುಮಾರು ಹೊತ್ತು ಮಲಗಿದಲ್ಲೇ ಮಲಗಿದ್ದರಂತೆ. ಆಮೇಲೆ ತೊಂಬತ್ತೈದು, ತೊಂಬತ್ತಾರು, ಮತ್ತೆ ತೊಂಬತ್ತಾರು, ತೊಂಬತ್ತೇಳು. ಕೊನೆಯ ಹತ್ತಕ್ಕೆ ತೊಂಬತ್ತೈದು ಬೇಕಿತ್ತು, ತೊಂಬತ್ತಾರು ಬಂತು. ಒಟ್ಟು ಐನೂರ ಎಪ್ಪತ್ತೊಂದು.

ಆ ಸಂಜೆ ಅವರು ಎಲ್ಲವನ್ನೂ ಹೇಳಿದರು. ಶಾಲೆ, ಕೋಣೆ, ಒಂದನೇ ತಾರೀಖಿಗೆ ಅಲ್ಲಿ ಸೇರಬೇಕಾದದ್ದು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಹಾಗೇ ಕುಳಿತರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅಮ್ಮ ಕೇಳಿದರು. ಹೇಳಿ ಆಮೇಲೆ ಆಗದೇ ಹೋಗಿದ್ದರೆ ಇಲ್ಲೇ ಇರುವುದು ಇನ್ನೂ ಕಷ್ಟವಾಗುತ್ತಿತ್ತು ಎಂದು ಅತ್ತೆ ಹೇಳಿದರು.

ಬಂದೂಕಿನ ಪರವಾನಗಿ ವಿಳಾಸದ ಮೇಲಿರುತ್ತದೆ, ಊರು ಬದಲಿಸಿದರೆ ಅರ್ಜಿ ಕೊಡಬೇಕು. ಅತ್ತೆ ಅರ್ಜಿಯನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ತುಂಬಿದರು. ಈಗಿನ ವಿಳಾಸದಲ್ಲಿ ಎಷ್ಟು ವರ್ಷ ಎಂಬಲ್ಲಿ ಹದಿನೇಳು ಎಂದು ಬರೆದರು. ಅದರ ಕೆಳಗಿನ ಗೆರೆ ಖಾಲಿಯೇ ಉಳಿಯಿತು. ಅಮ್ಮ ಭುಜದ ಮೇಲಿಂದ ಬಗ್ಗಿ ಓದಿದರು. “ಬಿಡುತ್ತಿರುವ ಕಾರಣ ಅಂತಿದೆ ಅತ್ತಿಗೆ.”

“ಏನು ಬರೀಲಿ?”

ಅಮ್ಮ ಅಪ್ಪನ ಕಡೆ ನೋಡಿದರು. ಅಪ್ಪ ಗೋಡೆ ನೋಡುತ್ತಿದ್ದರು. “ಕೆಲಸ ಅಂತ ಬರಿ ಅಕ್ಕ,” ಎಂದರು. ಆಮೇಲೆ, “ಅಷ್ಟು ಸಾಕು ಆಫೀಸಿನವರಿಗೆ,” ಎಂದರು.

ಅತ್ತೆ ಕೆಲಸ ಎಂದು ಬರೆದರು. ಸಹಿ ಹಾಕಿದ ಮೇಲೆ, ಶಾಯಿ ಪೂರ್ತಿ ಆರುವವರೆಗೆ, ಆ ಕಾಗದವನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು.